ಮರದ ಚೂರುಗಳಲ್ಲಿ ಜಪಾನಿನ ಮಳೆ: ನಮ್ಮ ಗ್ರಂಥಾಲಯಗಳಿಗೆ ಒಂದು ಕೋರಿಕೆ

ಸಂಪಾದಕರಿಗೆ,

ಮಾನ್ಯರೇ,

ಶಿವಮೊಗ್ಗ ಜಿಲ್ಲೆಯ ಸಾರ್ವಜನಿಕ ಗ್ರಂಥಾಲಯಗಳಲ್ಲಿ, ಮಳೆಗಾಲದ ನಾಲ್ಕು ತಿಂಗಳ ಮಟ್ಟಿಗಾದರೂ, ದೊಡ್ಡವರು ಕುಳಿತು ಮರದ ಜಿಗ್‌ಸಾ ಪಜಲ್‌ಗಳನ್ನು, ಎಂದರೆ ಚೂರುಚೂರಾಗಿ ಕತ್ತರಿಸಿದ ಚಿತ್ರಗಳನ್ನು, ಜೋಡಿಸಲು ಒಂದು ಮೇಜನ್ನು ಮೀಸಲಿಡಬೇಕು, ಅಂಥ ಪೆಟ್ಟಿಗೆಗಳನ್ನು ಪುಸ್ತಕದ ಹಾಗೆಯೇ ಎರವಲು ಕೊಡುವ ಏರ್ಪಾಡಾಗಬೇಕು ಎಂದು ಕೋರಿ ಈ ಪತ್ರ ಬರೆಯುತ್ತಿದ್ದೇನೆ. ಕಳೆದ ವರ್ಷ ಇದೇ ಮಾತನ್ನು ಒಂದು ಗ್ರಂಥಾಲಯದಲ್ಲಿ ಹೇಳಿದಾಗ, "ಅದು ಮಕ್ಕಳ ಆಟದ ಸಾಮಾನಲ್ಲವೇ ಅಮ್ಮ, ಮಕ್ಕಳ ವಿಭಾಗಕ್ಕೆ ಬೇಕಾದರೆ ಬರೆದುಕೊಡಿ" ಎಂಬ ಉತ್ತರ ಬಂತು. ಉತ್ತರ ಕೊಟ್ಟವರ ಮೇಲೆ ನನಗೆ ಬೇಸರವಿಲ್ಲ. ಎರಡು ವರ್ಷದ ಹಿಂದೆ ಕೇಳಿದ್ದರೆ ನಾನೂ ಹಾಗೆಯೇ ಹೇಳುತ್ತಿದ್ದೆ. ಅದಕ್ಕಾಗಿಯೇ ಸ್ವಲ್ಪ ವಿವರವಾಗಿ ಬರೆಯುವುದು ನನ್ನ ಕರ್ತವ್ಯವೆಂದು ತಿಳಿದಿದ್ದೇನೆ.

ನಾನು ತೀರ್ಥಹಳ್ಳಿ ತಾಲ್ಲೂಕಿನವಳು. 31 ವರ್ಷ ಪ್ರೌಢಶಾಲೆಯಲ್ಲಿ ಸಮಾಜ ವಿಜ್ಞಾನ ಪಾಠ ಮಾಡಿ ನಿವೃತ್ತಳಾದವಳು. ಆಗುಂಬೆಯ ಕಡೆಯ ಮಳೆ ಎಂಥದೆಂದು ಈ ಪತ್ರಿಕೆಯ ಓದುಗರಿಗೆ ನಾನು ಹೇಳಬೇಕಾಗಿಲ್ಲ. ಆರಿದ್ರಾ ಹಿಡಿದರೆ ಆಶ್ಲೇಷಾ ಮುಗಿಯುವತನಕ ಅಂಗಳಕ್ಕೆ ಇಳಿಯುವುದೂ ಕಷ್ಟ, ಕರೆಂಟು ಹೋದರೆ ಮೂರು ದಿನ, ಕೆಲವೊಮ್ಮೆ ವಾರ, ಟಿ.ವಿ. ಇಲ್ಲ, ಮೊಬೈಲಿಗೆ ಸಿಗ್ನಲ್ ಇಲ್ಲ. ಅಂಥದೊಂದು ಮಳೆಗಾಲದ ಆರಂಭದಲ್ಲಿ ಬೆಂಗಳೂರಿನಲ್ಲಿರುವ ಮಗಳು ಒಂದು ಪೆಟ್ಟಿಗೆ ಕಳುಹಿಸಿಕೊಟ್ಟಳು. ಒಳಗೆ ಐದು ಮಿಲಿಮೀಟರ್ ದಪ್ಪದ ಪ್ಲೈವುಡ್ಡಿನಲ್ಲಿ ಕತ್ತರಿಸಿದ ಮುನ್ನೂರು ಚೂರುಗಳಿದ್ದವು. ಮುಚ್ಚಳ ತೆಗೆದೊಡನೆ ಸುಟ್ಟ ಮರದ ವಾಸನೆ ಬಂತು. ಈಗ ಇವನ್ನು ಹೆಚ್ಚಾಗಿ ಲೇಸರ್ ಕಿರಣದಿಂದ ಕತ್ತರಿಸುತ್ತಾರಾದ್ದರಿಂದ ಚೂರಿನ ಅಂಚು ಕಂದಾಗಿ ಸುಟ್ಟಿರುತ್ತದೆ. ಆ ಚೂರುಗಳ ಆಕಾರವೂ ರಟ್ಟಿನ ಪಜಲ್‌ಗಳಂತೆ ಒಂದೇ ತೆರನಾಗಿರಲಿಲ್ಲ. ನಡುನಡುವೆ ಕೊಕ್ಕರೆ, ಬೀಸಣಿಗೆ, ಬಿಚ್ಚಿದ ಛತ್ರಿ, ಮೀನು ಹೀಗೆ ಗುರುತು ಸಿಗುವ ರೂಪಗಳಲ್ಲಿ ಕತ್ತರಿಸಿದ ಚೂರುಗಳಿದ್ದವು. ಮರದ ಪಜಲ್‌ಗಳಲ್ಲಿ ಇದು ನೂರು ವರ್ಷಕ್ಕೂ ಹಿಂದಿನಿಂದ ನಡೆದುಬಂದ ಪದ್ಧತಿ.

ಚಿತ್ರ ಜಪಾನಿನ ಹಿರೋಶಿಗೆ ಎಂಬ ಕಲಾವಿದನದು, ಮರದ ಹಲಗೆಯಲ್ಲಿ ಕೆತ್ತಿ ಕಾಗದಕ್ಕೆ ಒತ್ತಿದ್ದು. 1797ರಿಂದ 1858ರವರೆಗೆ ಬದುಕಿದ್ದ ಈತ, ಇಂದು ಟೋಕಿಯೊ ಆಗಿರುವ ಎಡೊ ನಗರದ ನೋಟಗಳನ್ನು ಕಡೆಯ ವರ್ಷಗಳಲ್ಲಿ ಒಂದು ಮಾಲಿಕೆಯಾಗಿ ಚಿತ್ರಿಸಿದ. ಅದರಲ್ಲಿ 1857ರ ಒಂದು ಚಿತ್ರ, ಶಿನ್-ಒಹಾಶಿ ಸೇತುವೆಯ ಮೇಲೆ ಇದ್ದಕ್ಕಿದ್ದಂತೆ ಸುರಿದ ಮಳೆಯದು. ಬಾಗಿದ ಮರದ ಸೇತುವೆ. ಅದರ ಮೇಲೆ ಛತ್ರಿಯಡಿ, ಟೊಪ್ಪಿಯಡಿ ಮುದುಡಿಕೊಂಡು ಎರಡು ದಿಕ್ಕಿಗೂ ಓಡುವ ಜನ. ಕೆಳಗೆ ನದಿಯಲ್ಲಿ ನಾಟಾಗಳನ್ನು ಕಟ್ಟಿದ ತೆಪ್ಪವನ್ನು ಜಲ್ಲೆ ಹಿಡಿದು ನಡೆಸುವ ಒಬ್ಬನೇ ಮನುಷ್ಯ. ದೂರದಲ್ಲಿ ಮಂಕಾಗಿ ಕಾಣುವ ಅಟಾಕೆಯ ದಡ. ಮೇಲೆ ಕಾಡಿಗೆಯಂಥ ಮೋಡ. ಇಡೀ ಚಿತ್ರದ ಮೇಲೆ ಕೂದಲೆಳೆಯಂಥ ಕಪ್ಪು ಗೆರೆಗಳಾಗಿ ಬಿದ್ದಿರುವ ಮಳೆ. ಇದನ್ನು 1887ರಲ್ಲಿ ಪ್ಯಾರಿಸ್ಸಿನಲ್ಲಿದ್ದ ವಿನ್ಸೆಂಟ್ ವ್ಯಾನ್ ಗೋ ಎಣ್ಣೆಬಣ್ಣದಲ್ಲಿ ನಕಲು ಮಾಡಿಕೊಂಡ.

ಪುಸ್ತಕದಲ್ಲಿ ಈ ಚಿತ್ರವನ್ನು ನಾನು ಹಿಂದೆಯೂ ನೋಡಿದ್ದೆ. ನೋಡಿ ಪುಟ ತಿರುವಿದ್ದೆ. ಚೂರು ಹಿಡಿದು ಕುಳಿತಾಗಲೇ ಮಳೆಯ ಗೆರೆಗಳೆಲ್ಲ ಒಂದೇ ದಿಕ್ಕಿನಲ್ಲಿ ಇಲ್ಲವೆಂಬುದು ಗೊತ್ತಾದದ್ದು. ಕೆಲವು ಗೆರೆಗಳ ಓರೆ ಒಂದು ಬಗೆ, ಮತ್ತೆ ಕೆಲವುಗಳದು ಇನ್ನೊಂದು ಬಗೆ. ಒಂದರ ಮೇಲೊಂದು ಹಾಯ್ದುಹೋಗುತ್ತವೆ. ಒಂದು ಚೂರು ಅದರ ಜಾಗಕ್ಕೆ ಸೇರಿತೋ ಇಲ್ಲವೋ ಎಂಬುದನ್ನು ಬಣ್ಣಕ್ಕಿಂತ ಹೆಚ್ಚಾಗಿ ಈ ಗೆರೆಯ ಓರೆಯಿಂದಲೇ ನಿರ್ಧರಿಸಬೇಕಾಗುತ್ತದೆ. ನಮ್ಮ ಮನೆಯ ಜಗಲಿಯಲ್ಲಿ ಕುಳಿತು ಮಳೆ ನೋಡಿದವರಿಗೆ ಇದರಲ್ಲಿ ಆಶ್ಚರ್ಯವೇನೂ ಇಲ್ಲ. ಗಾಳಿ ತಿರುಗಿದ ಕ್ಷಣದಲ್ಲಿ ಹಳೆಯ ಹನಿ ಒಂದು ಕಡೆಗೂ ಹೊಸ ಹನಿ ಇನ್ನೊಂದು ಕಡೆಗೂ ವಾಲಿ ಬೀಳುವುದನ್ನು ನಾವು ಎಷ್ಟೋ ಸಲ ಕಂಡಿದ್ದೇವೆ. ಆದರೆ ಅದನ್ನು ಮರದಲ್ಲಿ ಕೆತ್ತಬಹುದೆಂದು ನಾನಂತೂ ಯೋಚಿಸಿರಲಿಲ್ಲ.

ಕೆತ್ತುವ ಮಾತು ಬಂದದ್ದರಿಂದ ಈ ಚಿತ್ರಗಳು ಸಿದ್ಧವಾಗುವ ಬಗೆಯನ್ನು ಹೇಳಲೇಬೇಕು. ಇವಕ್ಕೆ ಉಕಿಯೊ-ಎ ಎಂದು ಹೆಸರು. ತೇಲುವ ಲೋಕದ ಚಿತ್ರ ಎಂದು ಅದರ ಅರ್ಥ. ಬೌದ್ಧರು ದುಃಖಮಯವಾದ ಈ ಲೋಕ ಎಂಬರ್ಥದಲ್ಲಿ ಬಳಸುತ್ತಿದ್ದ ಮಾತನ್ನೇ ಪಟ್ಟಣದ ಜನ ಉಚ್ಚಾರ ಹಾಗೇ ಇಟ್ಟುಕೊಂಡು, ಕ್ಷಣಕಾಲದ ಸಂತೋಷದಲ್ಲಿ ತೇಲುವ ಲೋಕ ಎಂದು ತಿರುಗಿಸಿಕೊಂಡರು. ಚಿತ್ರದ ಕೆಳಗೆ ಒಬ್ಬ ಕಲಾವಿದನ ಹೆಸರಿದ್ದರೂ ಅದು ನಾಲ್ವರ ಕೆಲಸ: ಬರೆಯುವವನು, ಕೆತ್ತುವವನು, ಒತ್ತುವವನು, ಹಣ ಹೂಡಿ ಮಾರುವ ಪ್ರಕಾಶಕ. ತೆಳುಕಾಗದದ ಮೇಲೆ ಬರೆದ ಚಿತ್ರವನ್ನು ಚೆರ್ರಿ ಮರದ ಹಲಗೆಯ ಮೇಲೆ ಬೋರಲಾಗಿ ಅಂಟಿಸುತ್ತಾರೆ. ಕೆತ್ತುವವನು ಆ ಕಾಗದದ ಮೂಲಕವೇ ಉಳಿ ಆಡಿಸುತ್ತಾನಾದ್ದರಿಂದ ಮೂಲ ಚಿತ್ರ ಅಲ್ಲಿಗೆ ಇಲ್ಲವಾಗುತ್ತದೆ; ಮುಂದೆ ಉಳಿಯುವುದು ಹಲಗೆ ಮಾತ್ರ. ಗೆರೆಯನ್ನು ಅವನು ಕೊರೆಯುವುದಿಲ್ಲ. ಗೆರೆಯನ್ನು ಉಳಿಸಿ, ಅದರ ಎರಡು ಪಕ್ಕದ ಮರವನ್ನು ತೆಗೆಯುತ್ತಾನೆ. ಹಿರೋಶಿಗೆಯ ಮಳೆಯನ್ನು ಈ ದೃಷ್ಟಿಯಿಂದ ನೋಡಬೇಕೆಂದು ನನ್ನ ಪ್ರಾರ್ಥನೆ. ನೂರಾರು ಮಳೆಯೆಳೆಗಳಲ್ಲಿ ಒಂದೊಂದೂ ಹಲಗೆಯ ಮೇಲೆ ಎದ್ದು ನಿಂತ ಮರದ ಎಳೆ. ಒಂದರ ಮೇಲೆ ಉಳಿ ಜಾರಿದರೂ ಅದು ಮುರಿಯಿತು.

ಆಮೇಲೆ ಒಂದೊಂದು ಬಣ್ಣಕ್ಕೆ ಬೇರೆ ಬೇರೆ ಹಲಗೆ. ಹತ್ತಾರು ಸಲ ಒತ್ತಿದರೂ ಬಣ್ಣ ಗೆರೆ ದಾಟದಂತೆ ಕಾಗದವನ್ನು ಕೂರಿಸಲು ಹಲಗೆಯ ಮೂಲೆಯಲ್ಲೂ ಅಂಚಿನಲ್ಲೂ ಕೆಂತೊ ಎಂಬ ಗುರುತು ಕೆತ್ತಿರುತ್ತಾರೆ. ಒತ್ತುವುದಕ್ಕೆ ಯಂತ್ರವಿಲ್ಲ. ಬಿದಿರಿನ ಪೊರೆ ಸುತ್ತಿದ ಬರೆನ್ ಎಂಬ ಚಪ್ಪಟೆ ಬಿಲ್ಲೆಯಿಂದ ಕಾಗದದ ಬೆನ್ನನ್ನು ಕೈಯಿಂದಲೇ ಉಜ್ಜುತ್ತಾರೆ. ಆಕಾಶದ ಅಂಚಿನಲ್ಲಿ ಕಪ್ಪು ಕರಗಿ ಬೂದಾಗಿ, ಬೂದು ಕರಗಿ ಬೆಳಕಾಗುವ ಆ ಬಣ್ಣದ ಇಳಿತಕ್ಕೆ ಬೊಕಾಶಿ ಎನ್ನುತ್ತಾರೆ. ಹಲಗೆಯ ಮೇಲೆ ಬಣ್ಣವನ್ನು ನೀರಿನಿಂದ ತೆಳುವಾಗಿಸಿ ಮಾಡುವ ಈ ಕೆಲಸ ಪ್ರತಿಯೊಂದು ಪ್ರತಿಗೂ ಹೊಸದಾಗಿ ಆಗಬೇಕು. ಪಜಲ್ ಜೋಡಿಸುವವರಿಗೆ ಈ ಬೊಕಾಶಿಯೇ ದಾರಿ ತೋರಿಸುವ ದೀಪ. ಚೂರಿನ ಒಂದು ಬದಿ ಇನ್ನೊಂದಕ್ಕಿಂತ ಸ್ವಲ್ಪ ಕಪ್ಪಾಗಿದ್ದರೆ ಅದು ಮೇಲಿನ ಬದಿ ಎಂದು ತಿಳಿಯುತ್ತದೆ.

ಹೀಗಾಗಿ ಮರದಿಂದ ಹುಟ್ಟಿದ ಈ ಚಿತ್ರವನ್ನು ಮರದ ಚೂರುಗಳಲ್ಲಿ ಕೂಡಿಸುವುದರಲ್ಲಿ ಒಂದು ಔಚಿತ್ಯವಿದೆ ಎಂದು ನನಗೆ ಅನಿಸುತ್ತದೆ. ಇತಿಹಾಸದಲ್ಲಿಯೂ ಈ ಎರಡು ಕೆಲಸಗಳು ಹತ್ತಿರದವು. ಲಂಡನ್ನಿನಲ್ಲಿ ಜಾನ್ ಸ್ಪಿಲ್ಸ್‌ಬರಿ ಎಂಬ ನಕ್ಷೆ ತಯಾರಕ 1760ರ ದಶಕದಲ್ಲಿ ಭೂಪಟವನ್ನು ತೆಳು ಹಲಗೆಗೆ ಅಂಟಿಸಿ, ದೇಶದೇಶಗಳ ಗಡಿಯ ಗುಂಟ ಗರಗಸ ಆಡಿಸಿ, ಮಕ್ಕಳಿಗೆ ಭೂಗೋಳ ಕಲಿಸಲು ಮಾರಿದ. ಸಾಮಾನ್ಯವಾಗಿ ಅದನ್ನೇ ಮೊದಲ ಜಿಗ್‌ಸಾ ಪಜಲ್ ಎನ್ನುತ್ತಾರೆ. ಅದೇ ದಶಕದಲ್ಲಿ, 1765ರಲ್ಲಿ, ಭೂಮಿಯ ಇನ್ನೊಂದು ತುದಿಯ ಎಡೊದಲ್ಲಿ ಸುಜುಕಿ ಹರುನೊಬುವಿನ ಚಿತ್ರಗಳ ಮೂಲಕ ಹಲವು ಹಲಗೆಗಳಿಂದ ಪೂರ್ಣ ಬಣ್ಣದಲ್ಲಿ ಒತ್ತುವ ಪದ್ಧತಿ ನೆಲೆಗೊಂಡಿತು. ಭೂಪಟ ಹಿಡಿದೇ ಅರ್ಧ ಆಯುಷ್ಯ ಕಳೆದ ನನಗೆ ಈ ಕಾಲದ ಹೊಂದಿಕೆ ಬಹಳ ಪ್ರಿಯವಾದದ್ದು.

ದೊಡ್ಡವರ ವಿಷಯಕ್ಕೆ ಬರುತ್ತೇನೆ. 1908-09ರ ಸುಮಾರಿಗೆ ಅಮೆರಿಕದಲ್ಲಿ ದೊಡ್ಡವರಿಗೆಂದೇ ಮರದ ಪಜಲ್‌ಗಳು ಬಂದು, ಅವಕ್ಕೆ ಎಷ್ಟು ಬೇಡಿಕೆಯಾಯಿತೆಂದರೆ ಪಾರ್ಕರ್ ಬ್ರದರ್ಸ್ ಎಂಬ ಹೆಸರಾಂತ ಆಟಿಕೆ ಕಂಪನಿ 1909ರಲ್ಲಿ ಉಳಿದ ಆಟಗಳ ತಯಾರಿಕೆಯನ್ನು ನಿಲ್ಲಿಸಿ ಪಜಲ್ ಕತ್ತರಿಸುವುದಕ್ಕೇ ನಿಂತಿತು. 1930ರ ದಶಕದ ಆರ್ಥಿಕ ಕುಸಿತದಲ್ಲಿ, ಕೆಲಸವಿಲ್ಲದ ಜನರ ಮನೆಗಳಲ್ಲಿ ಪಜಲ್ ಮತ್ತೆ ಹರಡಿತು. ಮರದ್ದನ್ನು ಕೊಳ್ಳಲಾರದವರಿಗೆ ಅಂಗಡಿಗಳೂ ಎರವಲು ಗ್ರಂಥಾಲಯಗಳೂ ಅವನ್ನು ಬಾಡಿಗೆಗೆ ಕೊಡುತ್ತಿದ್ದವು. ಅಂದರೆ ನಾನು ಕೇಳುತ್ತಿರುವ ಏರ್ಪಾಡು ಹೊಸದೇನೂ ಅಲ್ಲ. ಒಂದು ಪೆಟ್ಟಿಗೆಗೆ ಸಾವಿರಾರು ರೂಪಾಯಿ ಬೆಲೆ ಇರುವುದರಿಂದ, ಒಬ್ಬರು ಜೋಡಿಸಿ ಮುಗಿಸಿದ ಮೇಲೆ ಇನ್ನೊಬ್ಬರ ಕೈಗೆ ಹೋಗುವುದೇ ಅದಕ್ಕೆ ನ್ಯಾಯ. ಉಕಿಯೊ-ಎ ಚಿತ್ರಗಳಾದರೂ ಅರಮನೆಗಾಗಿ ಹುಟ್ಟಿದವಲ್ಲ. ಬೀದಿಯ ಅಂಗಡಿಯಲ್ಲಿ ಒಂದೆರಡು ಬಟ್ಟಲು ಶ್ಯಾವಿಗೆ ತಿನ್ನುವ ದುಡ್ಡಿಗೆ ಸಾಮಾನ್ಯ ಜನ ಕೊಂಡು ಮನೆಗೆ ಒಯ್ಯುತ್ತಿದ್ದ ಚಿತ್ರಗಳು.

ಈ ಚಿತ್ರಗಳೇ ಏಕೆ, ನಮ್ಮ ಚಿತ್ರಗಳಿಲ್ಲವೇ ಎಂದು ಕೇಳುವವರಿದ್ದಾರೆ. ಅದಕ್ಕೆ ಎರಡು ಮಾತು ಹೇಳಬೇಕು. ಫೋಟೋ ಹಾಕಿದ ಪಜಲ್‌ಗಳಲ್ಲಿ ಒಂದು ಚೂರನ್ನು ಬೇರೆಯಾಗಿ ಹಿಡಿದರೆ ಬರಿಯ ಹಸಿರು ಅಥವಾ ಬರಿಯ ಮಬ್ಬು ಕಾಣುತ್ತದೆ. ಮರದಚ್ಚಿನ ಚಿತ್ರದಲ್ಲಿ ಗೆರೆ ಖಚಿತ, ಬಣ್ಣ ಸಮತಲ; ಆದ್ದರಿಂದ ಉಗುರಿನಷ್ಟು ಚೂರಿನಲ್ಲೂ ನೋಡುವುದಕ್ಕೆ ಏನಾದರೂ ಸಿಗುತ್ತದೆ. ಸೇತುವೆಯ ಕೆಳಗಿನ ಒಂದು ಅಡ್ಡತೊಲೆ ಎಲ್ಲಿ ಕೂರಬೇಕೆಂದು ನಾನು ಎರಡು ಸಂಜೆ ಹುಡುಕಿದ್ದೇನೆ. ಆ ಎರಡು ಸಂಜೆಯಲ್ಲಿ ಆ ಸೇತುವೆಯನ್ನು ಹೇಗೆ ಕಟ್ಟಿದ್ದಾರೆಂಬುದು ನನಗೆ ಪಾಠವಾಯಿತು. ಎರಡನೆಯ ಮಾತು ನಮ್ಮ ಅತ್ತೆಯವರದು. ಎಂಬತ್ತನಾಲ್ಕು ವರ್ಷದ ಅವರು ಮಗಳು ಕಳುಹಿಸಿದ ಎರಡನೆಯ ಪೆಟ್ಟಿಗೆಯ ಹೊತ್ತಿಗೆ ತಾವೂ ಮೇಜಿಗೆ ಬಂದು ಕೂತಿದ್ದರು. ಅದು ಎಡೊ ಮತ್ತು ಕ್ಯೋಟೊ ನಡುವಿನ ತೊಕಾಯ್ದೊ ಹೆದ್ದಾರಿಯ 53 ತಂಗುದಾಣಗಳ ಮಾಲಿಕೆಯಲ್ಲಿ ಹಿರೋಶಿಗೆ 1833-34ರ ಸುಮಾರಿಗೆ ಬರೆದ ಶೋನೊ ಎಂಬ ಊರಿನ ಜಡಿಮಳೆಯ ಚಿತ್ರ. ಇಳಿಜಾರಿನ ದಾರಿಯಲ್ಲಿ ಪಲ್ಲಕ್ಕಿ ಹೊತ್ತು ಮೇಲೇರುವವರು, ಮಳೆಗೆ ತಲೆಬಾಗಿ ಕೆಳಗೆ ಓಡುವವರು, ಹಿಂದೆ ಮೂರು ಬಗೆಯ ಬೂದು ಬಣ್ಣದಲ್ಲಿ ಗಾಳಿಗೆ ಬಗ್ಗಿದ ಬಿದಿರ ಮೆಳೆ. ಅತ್ತೆಯವರು ಒಂದು ಚೂರನ್ನು ಲಾಟೀನಿನ ಹತ್ತಿರ ಹಿಡಿದು ಬಹಳ ಹೊತ್ತು ನೋಡಿ, "ಇವನು ಗೊರಬು ಹಾಕಿಕೊಂಡಿದ್ದಾನಲ್ಲೇ" ಎಂದರು. ಅದು ಹುಲ್ಲಿನ ಮಳೆಯಂಗಿ, ಜಪಾನಿನಲ್ಲಿ ಮಿನೊ ಎನ್ನುತ್ತಾರೆ. ನಮ್ಮ ಗೊರಬು ಎಲೆಯದು, ಅದರ ಕಟ್ಟೂ ಬೇರೆ. ಆದರೆ ಬೆನ್ನ ಮೇಲೆ ಮಳೆ ಹೊತ್ತು ನಾಟಿ ಮಾಡಿದ ಹೆಂಗಸಿಗೆ ಅದು ಏನೆಂದು ಹೇಳಿಕೊಡುವ ಅಗತ್ಯವಿರಲಿಲ್ಲ. ಆ ರಾತ್ರಿ ಅವರು ಗದ್ದೆಯ ಕಾಲದ ಸಂಗತಿಗಳನ್ನು ಹೇಳುತ್ತಾ ಹೋದರು. ನಾನು ಮದುವೆಯಾಗಿ ಬಂದ ಮೇಲೆ ಕೇಳದಿದ್ದ ಎಷ್ಟೋ ಮಾತುಗಳು ಆ ಮೇಜಿನ ಸುತ್ತ ಬಂದವು.

ಮೂರನೆಯ ಪೆಟ್ಟಿಗೆ ಹೊಕುಸಾಯಿಯದು. ಕಾನಾಗಾವಾದ ದೊಡ್ಡ ಅಲೆಯ ಚಿತ್ರದಿಂದಾಗಿ 1760ರಿಂದ 1849ರವರೆಗೆ ಬದುಕಿದ್ದ ಈತನ ಹೆಸರು ಎಲ್ಲರಿಗೂ ಗೊತ್ತಿದೆ. ಪಜಲ್‌ಗಳಲ್ಲೂ ಆ ಅಲೆಯೇ ಹೆಚ್ಚು. ಹೊಸಬರು ಅದರಿಂದ ಆರಂಭಿಸುವುದು ಬೇಡವೆಂದು ನನ್ನ ಸಲಹೆ, ಏಕೆಂದರೆ ಅಲೆಯ ಹಿಂದಿನ ಬರಿ ಆಕಾಶ ಬಹಳ ಸತಾಯಿಸುತ್ತದೆ. ನಮ್ಮ ಜಿಲ್ಲೆಯವರು ನೋಡಬೇಕಾದದ್ದು 1833ರ ಸುಮಾರಿಗೆ ಆತ ಮಾಡಿದ ಜಲಪಾತಗಳ ಎಂಟು ಚಿತ್ರಗಳನ್ನು. ಅದರಲ್ಲಿ ಕಿಸೊ ದಾರಿಯ ಅಮಿದಾ ಜಲಪಾತದ ಚಿತ್ರ ನನ್ನಲ್ಲಿದೆ. ಮೇಲೆ ಗುಂಡಗಿನ ಕೊರಕಲಿನಲ್ಲಿ ಸುತ್ತಿ ಸುಳಿಯುವ ನೀರು, ಕೆಳಗೆ ನೂಲು ಬಿಟ್ಟ ಹಾಗೆ ನೇರವಾಗಿ ಇಳಿಯುವ ಧಾರೆ, ಪಕ್ಕದ ಬಂಡೆಯ ಮೇಲೆ ಬುತ್ತಿ ಬಿಚ್ಚಿಕೊಂಡು ಕುಳಿತ ಮೂವರು. ಮಕ್ಕಳನ್ನು ಕರೆದುಕೊಂಡು ಪ್ರತಿ ವರ್ಷ ಜೋಗಕ್ಕೆ ಹೋಗುತ್ತಿದ್ದ ನನಗೆ, 253 ಮೀಟರ್ ಬೀಳುವ ರಾಜನನ್ನು ಯಾವ ಫೋಟೋದಲ್ಲೂ ಹಿಡಿಯಲಾಗದೆ ಬೇಸರಪಟ್ಟದ್ದು ನೆನಪಾಯಿತು. ಬೀಳುವ ನೀರನ್ನು ಗೆರೆಗಳಾಗಿ ಬಿಡಿಸಿ ತೋರಿಸಬಹುದೆಂಬ ಉಪಾಯ ನನಗೆ ಆ ಚೂರುಗಳನ್ನು ಜೋಡಿಸುವಾಗ ಹೊಳೆಯಿತು.

ಇನ್ನು ನಮ್ಮ ಚಿತ್ರಗಳ ವಿಷಯ. ಅವೂ ಬರಬೇಕೆಂಬುದೇ ನನ್ನ ಆಸೆ, ಮತ್ತು ಅದಕ್ಕೆ ಬೇಕಾದ ಕೈಗಳು ನಮ್ಮಲ್ಲಿವೆ. ಇದನ್ನು ಒಂದು ತೊಂದರೆಯಿಂದಲೇ ಕಂಡುಕೊಂಡೆ. ಸೇತುವೆಯ ಚಿತ್ರ ಮುಗಿಯುವ ಹೊತ್ತಿಗೆ ನದಿಯ ನಡುವೆ ಒಂದು ಚೂರು ಕಡಿಮೆಯಾಗಿತ್ತು. ಮಾರಿದವರಿಗೆ ಮೂರು ಸಲ ಬರೆದೆ, ಉತ್ತರ ಬರಲಿಲ್ಲ. ಕೊನೆಗೆ ಸಾಗರದಲ್ಲಿ ಗುಡಿಗಾರರ ಮನೆತನದ ಒಬ್ಬ ಕುಶಲಕರ್ಮಿಯ ಬಳಿಗೆ, ಚಿತ್ರವನ್ನು ಹಲಗೆಯ ಸಮೇತ ಬಟ್ಟೆಯಲ್ಲಿ ಸುತ್ತಿಕೊಂಡು ಹೋದೆ. ಅವರು ಖಾಲಿ ಜಾಗದ ಮೇಲೆ ತೆಳುಕಾಗದ ಇಟ್ಟು ಬೆರಳಿನಿಂದ ಉಜ್ಜಿ ಅಂಚನ್ನು ಎತ್ತಿಕೊಂಡರು. ಆ ಕಾಗದವನ್ನು ಶಿವನಿ ಮರದ ತೆಳುವಾದ ತುಂಡಿಗೆ ಅಂಟಿಸಿ, ನೂಲಿನಂಥ ಗರಗಸದಲ್ಲಿ ಸುತ್ತ ಕೊಯ್ದು, ಉಜ್ಜುಕಾಗದದಲ್ಲಿ ನಾಲ್ಕು ಸಲ ತೀಡಿ, ನಾಲ್ಕನೆಯ ಸಲ ಹೆಬ್ಬೆರಳಿನಿಂದ ಒತ್ತಿದಾಗ ಅದು ಟಕ್ ಎಂದು ಕೂತಿತು. ಅರ್ಧ ಗಂಟೆಯ ಕೆಲಸ. ದುಡ್ಡು ಬೇಡವೆಂದರು, ಬಲವಂತವಾಗಿ ಕೊಟ್ಟೆ. ಹೊರಡುವಾಗ ಅವರು ಮಳೆಯ ಗೆರೆಗಳನ್ನು ತೋರಿಸಿ, "ಇದನ್ನು ಕೆತ್ತಿದವನ ಉಳಿ ಎಷ್ಟು ಸಣ್ಣದಿರಬೇಕು" ಎಂದು ಕೇಳಿದ್ದು ನನ್ನ ಕಿವಿಯಲ್ಲಿ ಇನ್ನೂ ಇದೆ.

ಗಂಧದ ಮರ ದುರ್ಲಭವಾದ ಮೇಲೆ ಸಾಗರ, ಸೊರಬದ ಕೆತ್ತನೆಗಾರರಿಗೆ ಹೊಸ ಬಗೆಯ ಕೆಲಸ ಬೇಕಾಗಿದೆ. ಕೈಗರಗಸದಲ್ಲಿ ಕತ್ತರಿಸಿದ ಮರದ ಪಜಲ್‌ಗೆ, ಒಂದರಂತೆ ಇನ್ನೊಂದು ಇರುವುದಿಲ್ಲವಾದ್ದರಿಂದ, ಹೊರದೇಶಗಳಲ್ಲಿ ಒಳ್ಳೆಯ ಬೆಲೆ ಇದೆ. ಅಭ್ಯಾಸಕ್ಕೆ ಚಿತ್ರಗಳ ಕೊರತೆಯಿಲ್ಲ. ಹೊಕುಸಾಯಿ, ಹಿರೋಶಿಗೆಯರ ಚಿತ್ರಗಳ ಮೇಲೆ ಈಗ ಯಾರ ಹಕ್ಕೂ ಇಲ್ಲ. ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಮ್ಯೂಸಿಯಂ 2017ರಿಂದ ಇಂಥ ಚಿತ್ರಗಳ ದೊಡ್ಡ ಪ್ರತಿಗಳನ್ನು ಯಾರು ಬೇಕಾದರೂ ಬಳಸಲು ಉಚಿತವಾಗಿ ಕೊಡುತ್ತಿದೆ. ಕೈ ಪಳಗಿದ ಮೇಲೆ ನಮ್ಮ ದೀವರ ಹೆಣ್ಣುಮಕ್ಕಳ ಹಸೆ ಚಿತ್ತಾರವನ್ನು ಕತ್ತರಿಸಬಹುದು. ಕೆಮ್ಮಣ್ಣಿನ ನೆಲದ ಮೇಲೆ ಪುಂಡಿ ನಾರಿನ ಕುಂಚದಿಂದ ಅಕ್ಕಿಯ ಬಿಳುಪಿನಲ್ಲಿ ಎಳೆಯುವ ಆ ಸಣ್ಣ ಗೆರೆಗಳ ಹೆಣಿಗೆ ಜೋಡಿಸುವವರ ಕಣ್ಣಿಗೆ ದೊಡ್ಡ ಸವಾಲು. ಆದರೆ ಅದನ್ನು ಬರೆದ ಕೈಗಳ ಒಪ್ಪಿಗೆ ಪಡೆದು, ಅವರ ಹೆಸರನ್ನು ಪೆಟ್ಟಿಗೆಯ ಮೇಲೆ ಅಚ್ಚುಹಾಕಿ, ಅವರಿಗೂ ಪಾಲು ಕೊಟ್ಟು ಮಾಡಬೇಕು. ಜಪಾನಿನ ಆ ಹಳೆಯ ಚಿತ್ರಗಳಲ್ಲಿ ಕೆತ್ತಿದವರ ಹೆಸರು ಹೆಚ್ಚಾಗಿ ಉಳಿದಿಲ್ಲ ಎಂಬುದು ನನಗೆ ಇವತ್ತಿಗೂ ನೋವಿನ ಸಂಗತಿ.

ಗ್ರಂಥಾಲಯದವರಿಗೆ ಕೆಲವು ವ್ಯಾವಹಾರಿಕ ಮಾತುಗಳು. 1965ರ ಕರ್ನಾಟಕ ಸಾರ್ವಜನಿಕ ಗ್ರಂಥಾಲಯಗಳ ಕಾಯ್ದೆಯಂತೆ ನಾವು ಕಟ್ಟುವ ಆಸ್ತಿ ತೆರಿಗೆಯ ಮೇಲೆ ಶೇ 6ರಷ್ಟು ಗ್ರಂಥಾಲಯ ಕರ ಸೇರಿದೆ. ಅದರಲ್ಲಿ ವರ್ಷಕ್ಕೆ ನಾಲ್ಕು ಪೆಟ್ಟಿಗೆ ಕೊಳ್ಳುವುದು ದೊಡ್ಡ ಹೊರೆಯಾಗಲಾರದು. ಮೇಜು ಕಿಟಕಿಯ ಪಕ್ಕ ಇರಲಿ, ಆದರೆ ಇರಚಲು ಹೊಡೆಯದ ಕಡೆ ಇರಲಿ. ಪ್ಲೈವುಡ್ಡಾದರೂ ನಮ್ಮ ಥಂಡಿಗೆ ಉಬ್ಬುತ್ತದೆ. ಪುಷ್ಯ ಮಳೆಯ ವಾರದಲ್ಲಿ ನನ್ನ ಚೂರುಗಳು ಒಂದರೊಳಗೊಂದು ಕೂರದೆ ಹಟ ಹಿಡಿದವು. ಬಲವಂತ ಮಾಡಿದರೆ ಮೇಲಿನ ಚಿತ್ರದ ಪದರ ಏಳುತ್ತದೆ. ಮುಚ್ಚಳ ಭದ್ರವಿರುವ ಡಬ್ಬಿಯಲ್ಲಿ ಹುರಿದ ಅಕ್ಕಿಯ ಪೊಟ್ಟಣದೊಂದಿಗೆ ಎರಡು ದಿನ ಇಟ್ಟಮೇಲೆ ಸರಿಹೋದವು. ಒಲೆಯ ಮೇಲಿನ ಅಟ್ಟದಲ್ಲಿ ಇಡಬಾರದು, ಚೂರು ಸೊಟ್ಟಗಾಗುತ್ತದೆ. ಇದೂ ಅನುಭವದ ಮಾತೇ. ಎರವಲು ಕೊಡುವಾಗ ಒಮ್ಮೆ, ಹಿಂದಕ್ಕೆ ಪಡೆಯುವಾಗ ಒಮ್ಮೆ ಚೂರುಗಳನ್ನು ಎಣಿಸುವುದು ಸಿಬ್ಬಂದಿಗೆ ಕಷ್ಟವಾದರೆ, ತಕ್ಕಡಿಯಲ್ಲಿ ತೂಗಿ ತೂಕವನ್ನು ಪೆಟ್ಟಿಗೆಯ ಮೇಲೆ ಬರೆದಿಟ್ಟರೆ ಸಾಕು. ಮಳೆಗಾಲದಲ್ಲಿ ತೂಕ ತುಸು ಏರುತ್ತದೆ ಎಂಬುದು ಮಾತ್ರ ನೆನಪಿರಲಿ. ಗ್ರಾಮ ಪಂಚಾಯಿತಿಗಳ ಗ್ರಂಥಾಲಯಗಳಾದ ಅರಿವು ಕೇಂದ್ರಗಳೂ ಇದನ್ನು ಯೋಚಿಸಬಹುದು. ಮಳೆಗಾಲದಲ್ಲಿ ಹಿರಿಯರಿಗೆ ಒಟ್ಟಿಗೆ ಕೂರಲು ಜಾಗವಿಲ್ಲದ ಕೊರತೆ ಪೇಟೆಗಿಂತ ಹಳ್ಳಿಗಳಲ್ಲಿ ಹೆಚ್ಚು.

ಆರಂಭಕ್ಕೆ ನನ್ನಲ್ಲಿರುವ ಮೂರು ಪೆಟ್ಟಿಗೆಗಳನ್ನು, ಮೇಜು ಹಾಕಲು ಒಪ್ಪುವ ಯಾವುದೇ ಸಾರ್ವಜನಿಕ ಗ್ರಂಥಾಲಯಕ್ಕೆ ಕೊಡಲು ಸಿದ್ಧಳಿದ್ದೇನೆ. ಮೊದಲ ಒಂದು ತಿಂಗಳು ವಾರಕ್ಕೆ ಎರಡು ದಿನ ನಾನೇ ಬಂದು ಕೂರುತ್ತೇನೆ. ಸೇತುವೆಯ ಪೆಟ್ಟಿಗೆಯಲ್ಲಿ ಬಣ್ಣವಿಲ್ಲದ ಒಂದು ಚೂರಿದೆ. ನೀಲಿ ನದಿಯ ನಡುವೆ ಮರಳಿನ ದಿಬ್ಬದಂತೆ ಕಾಣುತ್ತದೆ. ಅದು ಬೇರೆ ಪೆಟ್ಟಿಗೆಯದೆಂದು ತಿಳಿದು ಯಾರೂ ತೆಗೆದಿಡದಿರಲಿ. ಸಾಗರದಲ್ಲಿ ಮಾಡಿದ ಶಿವನಿ ಮರದ ಚೂರು ಅದು, ತೆಪ್ಪದವನ ಬಲಕ್ಕೆ ಕೂರುತ್ತದೆ.

ವಂದನೆಗಳೊಂದಿಗೆ,

ನಿವೃತ್ತ ಶಿಕ್ಷಕಿ,
ತೀರ್ಥಹಳ್ಳಿ ತಾಲ್ಲೂಕು, ಶಿವಮೊಗ್ಗ ಜಿಲ್ಲೆ